ಕರೆಂಟಿಲ್ಲದ ಮನೆಯ ಫ್ರಿಡ್ಜು

ಸರ್ವೆಯವರು ಬರುತ್ತಾರೆ ಅಂದರೆ ಸಾಕು, ನಮ್ಮೂರಲ್ಲಿ ಸಾಮಾನುಗಳಿಗೆ ಕಾಲು ಬರುತ್ತದೆ. ಟಿ.ವಿ. ಹುಲ್ಲಿನ ಮೆದೆಯ ಹಿಂದೆ ಹೋಗುತ್ತದೆ, ಬೈಕು ತೋಟದ ಪಂಪ್‌ಮನೆ ಸೇರುತ್ತದೆ, ಒಡವೆ ರಾಗಿ ಡಬ್ಬಕ್ಕೆ ಇಳಿಯುತ್ತದೆ. ಊರಿಗೆ ಊರೇ ಬೆಳಿಗ್ಗೆ ಬಡತನ ಉಟ್ಟುಕೊಂಡು ಮಧ್ಯಾಹ್ನ ಮುದ್ದೆಯ ಹೊತ್ತಿಗೆ ಬಿಚ್ಚಿಡುತ್ತದೆ. ಇದನ್ನು ಯಾರೂ ಮೋಸ ಅನ್ನುವುದಿಲ್ಲ, ಜಾಣತನ ಅನ್ನುತ್ತಾರೆ.

ನಮ್ಮೂರು ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿಯಿಂದ ಇನ್ನೂ ಒಳಕ್ಕೆ. ನಾನು ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕ ಸರಿಯಿದ್ದು ಎಲ್ಲರ ಕಣ್ಣಿಗೂ ಬಿದ್ದರೆ ಬಡತನ ತಾನಾಗಿ ಓಡುತ್ತದೆಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದವಳು. ಆ ಭಾನುವಾರ ಊರಿನಲ್ಲಿದ್ದೆ. ಸರ್ಕಾರದ ಮನೆ ಯಾರಿಗೆ ಕೊಡಬೇಕೆಂದು ಪಂಚಾಯ್ತಿಯವರು ನೋಡಲು ಬರುವ ದಿನ ಅದು. ಅಣ್ಣ ಬೇರೆಯಾಗಿದ್ದಾನೆಂದು ತೋರಿಸಲು ಅವ್ವ ಅವನನ್ನೂ ಅತ್ತಿಗೆಯನ್ನೂ ಹಳೇ ಹೆಂಚಿನ ಕೊಠಡಿಯಲ್ಲಿ ಕೂರಿಸಿದ್ದಳು. ಅವರ ಫ್ರಿಡ್ಜನ್ನೂ ಬೈಕನ್ನೂ ನಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಹೆಂಗಸಿನ ಗುಡಿಸಲಿಗೆ ಸಾಗಿಸಿದ್ದಳು.

ಆ ಹೆಂಗಸಿಗೆ ಗಂಡನಿಲ್ಲ. ಹಿಂದಿನ ಮಳೆಗಾಲದಲ್ಲಿ ಗುಡಿಸಲಿನ ಒಂದು ಗೋಡೆ ಕುಸಿದಿತ್ತು. ಅಲ್ಲಿ ಟಾರ್ಪಾಲು ಕಟ್ಟಿಕೊಂಡು ಮಗಳ ಜೊತೆ ಮಲಗುತ್ತಿದ್ದಳು. ಊರಿಗೆ ಒಂದೇ ಒಂದು ಮನೆ ಬಂದರೂ ಅದು ಅವಳಿಗೇ ಸಿಗಬೇಕಿತ್ತು.

"ಆ ಕಡೀಕೆ ಯಾವನು ಹೋದಾನು ಬುಡು," ಅಂದಳು ಅವ್ವ. ಅಲ್ಲಿಯವರೆಗೆ ಯಾವ ಅಧಿಕಾರಿಯೂ ಆ ಗುಡಿಸಲಿಗೆ ಹೋದವನಲ್ಲ. ಈ ಸಲ ಬಂದವನು ನಿಯತ್ತಿನವನು, ಹಾಳಾದವನು. ಪ್ರತಿ ಮನೆಯೊಳಗೂ ನಿಂತು ಫೋನಿನಲ್ಲಿ ಫೋಟೊ ತೆಗೆದ. ಗುಡಿಸಲಲ್ಲೂ ತೆಗೆದ: ಮಣ್ಣಿನ ನೆಲ, ಸೌದೆ ಒಲೆ, ಕೆಂಪು ಫ್ರಿಡ್ಜು, ಬೈಕು. ಆ ಮನೆಗೆ ಕರೆಂಟೇ ಇರಲಿಲ್ಲ. ಫೋನು ಅದನ್ನು ಕೇಳಲಿಲ್ಲ. ಅವತ್ತೇ ಮಧ್ಯಾಹ್ನ ಎರಡೂ ನಮ್ಮ ಮನೆಗೆ ವಾಪಸ್ಸು ಬಂದವು.

ತಿಂಗಳಾದ ಮೇಲೆ ಗ್ರಾಮಸಭೆ ಕರೆದರು, ಅವತ್ತೂ ನಾನು ಊರಿಗೆ ಬಂದಿದ್ದೆ. ಎಲ್ಲವೂ ಪಾರದರ್ಶಕ. ಆಯ್ಕೆಯಾದವರ ಹೆಸರು ಗೋಡೆಗೆ ಅಂಟಿಸಿದ್ದರು. ಆಗದವರ ಹೆಸರನ್ನು ಕಾರಣದ ಸಮೇತ ಮೈಕಿನಲ್ಲಿ ಓದಿದರು. ಆ ಹೆಂಗಸಿನ ಸರದಿ ಬಂದಾಗ "ಫ್ರಿಡ್ಜು, ದ್ವಿಚಕ್ರ ವಾಹನ" ಅಂದಿತು ಮೈಕು. ಸಭೆ ಗೊಳ್ಳೆಂದು ನಕ್ಕಿತು.

"ಏನ್ಲಾ, ಅವ್ಳು ಫ್ರಿಡ್ಜ್‌ನಾಗೆ ಏನ್ ಮಡಗವ್ಳಂತೆ, ಗಂಜಿಯಾ?" ಅಂದ ಒಬ್ಬ.

"ನಂಗೂ ಒಸಿ ತಣ್ಣೀರ್ ಕೊಡಮ್ಮಿ," ಅಂದ ಇನ್ನೊಬ್ಬ.

ಅಣ್ಣನ ಹೆಸರು ಓದಿದಾಗ ಯಾರೂ ನಗಲಿಲ್ಲ. ಆಕ್ಷೇಪಣೆ ಇದೆಯಾ ಎಂದು ಅಧಿಕಾರಿ ಕೇಳಿದರು.

ಮಾಹಿತಿಗೆ ನಮ್ಮೂರಲ್ಲಿ ಎಂದೂ ಬರ ಇರಲಿಲ್ಲ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ ಅಂತ ಎಲ್ಲರಿಗೂ ಗೊತ್ತು. ಫ್ರಿಡ್ಜು ಯಾರದೆಂದು ನಕ್ಕವರಿಗೆಲ್ಲ ಗೊತ್ತಿತ್ತು. ಅದಕ್ಕೇ ಅಷ್ಟು ನಗು ಬಂದದ್ದು.

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, "ಆ ಫ್ರಿಡ್ಜು ನಮ್ಮಣ್ಣಂದು, ಬೈಕೂ ಅವನ್ದೇ. ಈಗ್ಲೇ ಬನ್ನಿ, ತೋರಿಸ್ತೀನಿ," ಅಂದೆ. ಅವ್ವ ನನ್ನ ಕಡೆ ತಿರುಗಲೂ ಇಲ್ಲ. ಹಿಂದೆ ಕೂತಿದ್ದ ಆ ಹೆಂಗಸನ್ನು ನೋಡಿ ಮುದ್ದಿನಿಂದಲೇ ಕೇಳಿದಳು: "ನೀನೇ ಹೇಳಮ್ಮಿ. ಫ್ರಿಡ್ಜು ಯಾರ್ದು?"

ಅವಳು ಎದ್ದಳು. ಸೆರಗು ಹೊದ್ದುಕೊಂಡಳು. "ನಂದೇ ಸೋಮಿ," ಅಂದಳು ಅಧಿಕಾರಿಗೆ. ಅವರು ಬರೆದುಕೊಂಡರು.

ಹೊರಗೆ ಹೊಂಗೆ ಮರದ ಕೆಳಗೆ ಅವಳನ್ನು ಹಿಡಿದು ನಿಲ್ಲಿಸಿದೆ. "ನಿಂಗೆ ಮನೆ ಬೇಡ್ವಾ? ಯಾಕ್ ಸುಳ್ ಹೇಳ್ದೆ?" ಅಂತ ಕಿರುಚಿದೆ. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳ ಕಣ್ಣಲ್ಲಿದ್ದದ್ದು ಸಿಟ್ಟು, ಅದೂ ನನ್ನ ಮೇಲೆ.

"ನೀವು ಸಂಜೀಕೆ ಬಸ್ಸತ್ತಿ ಹೊಂಟೋಯ್ತೀರಿ ಕಣವ್ವ. ನಾಳೀಕೆ ಸೊಪ್ಪಾಕಕೆ ನಾನು ನಿಮ್ಮವ್ವಾರ ತಾವ್ಕೇ ಹೋಗ್ಬೇಕು. ಯಾರ್ ಕೇಳಿದ್ರು ನಿಮ್ಮುನ್ನ? ನಿಮ್ ಬಾಯ್ಗೆ ಮಣ್ಣಾಕ."

ಬಾಯಿ ಬಿಟ್ಟದ್ದಕ್ಕೆ ಅವ್ವ ನನಗೇನೂ ಮಾಡಲಿಲ್ಲ. ಸಂಜೆ ತಲೆ ಬಾಚಿ, ಹಪ್ಪಳ ಕಟ್ಟಿ ಕಳಿಸಿದಳು. ಮಾಡಿದ್ದೆಲ್ಲ ಆ ಹೆಂಗಸಿಗೆ. ಮರುದಿನದಿಂದ ಸೊಪ್ಪಿನ ಜೊತೆ ಕೊಟ್ಟಿಗೆ ಕೆಲಸವನ್ನೂ ಹಚ್ಚಿದಳು, ಅದೇ ಕೂಲಿಗೆ.

ಅಣ್ಣನಿಗೆ ಮನೆ ಬಂತು. ಗೋಡೆಯ ಮೇಲೆ ಫಲಾನುಭವಿಯ ಹೆಸರು, ಮಂಜೂರಾದ ಹಣ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ, ದಾರಿಹೋಕರೂ ಓದಬಹುದು. ಅಣ್ಣ ಅದರಲ್ಲಿ ಒಂದು ದಿನವೂ ಮಲಗಲಿಲ್ಲ. ಸೀಮೆಹಸು ಕಟ್ಟಿದ, ಅವಕ್ಕೆ ಫ್ಯಾನು ಹಾಕಿಸಿದ.

ಹೋದ ಮಳೆಗಾಲದಲ್ಲಿ ಅವಳ ಗುಡಿಸಲಿನ ಉಳಿದ ಗೋಡೆಗಳೂ ಬಿದ್ದವು. "ಹಸಿನ ಪಕ್ಕ ಜಾಗ ಐತಲ್ಲ, ಬಿದ್ಕಳ್ಳಿ ಬುಡು," ಅಂದಳು ಅವ್ವ, ದೊಡ್ಡ ಮನಸ್ಸು ಮಾಡಿ. ಈಗ ತಾಯಿ ಮಗಳು ಸರ್ಕಾರದ ಆ ಮನೆಯಲ್ಲೇ ಮಲಗುತ್ತಾರೆ. ಹಸು ಕರು ಹಾಕಿದಾಗ ಮಾತ್ರ ಜಾಗ ಸಾಲದೆ ಹೊರಗೆ.