ಅರ್ಜಿಯೊಳಗಿನ ಮಳೆ

ಜನವರಿ ಹನ್ನೆರಡರ ಸೋಮವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಆರ್ಥಿಕ ನೀತಿಯ ಸ್ನಾತಕೋತ್ತರ ಪದವಿಗೆ ಅರ್ಜಿ ಸಲ್ಲಿಸಿದೆ. ಅರ್ಜಿ ತಲುಪಿದೆ ಎಂಬ ಇಮೇಲ್ ಎರಡು ಹನ್ನೊಂದಕ್ಕೆ ಬಂತು.

ಅದು ಎರಡನೇ ಸಲದ ಅರ್ಜಿ. ಹಿಂದಿನ ವರ್ಷದ್ದು ಮೊದಲ ಹಂತದಲ್ಲೇ ಬಿದ್ದುಹೋಗಿತ್ತು. ದೆಹಲಿಯ ಆ ವಿಶ್ವವಿದ್ಯಾಲಯ ಉದ್ಯೋಗದಲ್ಲಿರುವವರಿಗೆಂದು ಕೆಲವು ಸೀಟುಗಳನ್ನು ಫೀಸಿಲ್ಲದೆ ಇಟ್ಟಿದೆ. ಅದಕ್ಕೆ ಮೂವತ್ತೈದು ತುಂಬಿರಬಾರದು. ನನಗೆ ಈ ಸೆಪ್ಟೆಂಬರ್‌ನಲ್ಲಿ ತುಂಬುತ್ತದೆ. ಮೂರನೇ ಸಲ ಎಂಬುದು ಇಲ್ಲ.

ನಾನು ಹನ್ನೊಂದು ವರ್ಷದಿಂದ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಿಗೆ ಒಂದು ದಿನಪತ್ರಿಕೆಯ ವರದಿಗಾರ್ತಿ. ಆನೆ ಯಾವ ತೋಟದಲ್ಲಿದೆ, ಘಾಟಿಯಲ್ಲಿ ಯಾವ ತಿರುವು ಕುಸಿದಿದೆ, ತಾಲ್ಲೂಕು ಕಚೇರಿ ಎದುರು ಯಾರು ಕೂತಿದ್ದಾರೆ ಎಂದು ಬರೆಯುವುದು ಕೆಲಸ. ಅದರಲ್ಲಿ ‘ನಾನು’ ಎಂಬ ಪದ ಬರುವುದಿಲ್ಲ. ಅರ್ಜಿಯ ಮೊದಲ ಪ್ರಶ್ನೆಯೇ ‘ನೀವು ಯಾರು, ಏಕೆ ಬರುತ್ತೀರಿ’ ಎಂದಿತ್ತು. ಹಾಸನದ ನಮ್ಮ ಬ್ಯೂರೋ ಮುಖ್ಯಸ್ಥರು ನನಗೆ ಶಿಫಾರಸು ಪತ್ರ ಕೊಡುವವರು. ನನ್ನ ಉತ್ತರ ಓದಿ ಫೋನ್ ಮಾಡಿದರು.

“ಏನಮ್ಮ ಇದು, ನಿನಗೆ ಆಸಕ್ತಿ ಇದೆ ಅನ್ನೋದನ್ನ ‘ತಿಳಿದುಬಂದಿದೆ’ ಅಂತ ಬರ್ದಿದೀಯಲ್ಲ. ಯಾವ ಮೂಲಗಳಿಂದ ತಿಳಿದುಬಂತು?”

ಅದನ್ನು ನಾಲ್ಕು ಸಲ ತಿದ್ದಿದೆ. ಆದರೆ ಅರ್ಜಿಯ ತೂಕವಿದ್ದದ್ದು ಅಲ್ಲಲ್ಲ, ಹದಿನೈದು ಪುಟದ ಬರಹದ ಮಾದರಿಯಲ್ಲಿ. ಹಿಂದಿನ ವರ್ಷ ನಾನು ಸೋತದ್ದೂ ಅದರಲ್ಲೇ.

ಈ ಸಲದ ವಿಷಯ ಕಾಳುಮೆಣಸಿನ ವಿಮೆ. ಪಂಚಾಯಿತಿಯ ಮಳೆ ಮಾಪಕದಲ್ಲಿ ಇಂತಿಷ್ಟು ಮಳೆ ದಾಖಲಾದರೆ ಮಾತ್ರ ಬೆಳೆಗಾರರಿಗೆ ಪರಿಹಾರ ಬರುತ್ತದೆ. ನಮ್ಮ ತೋಟದ ಮಳೆಯೇ ಬೇರೆ, ಆ ಮಿಷನ್ ಮಳೆಯೇ ಬೇರೆ ಎಂದು ಈ ಕಡೆಯವರು ಮೊದಲಿನಿಂದಲೂ ಹೇಳುತ್ತಾರೆ. ಪರೀಕ್ಷಿಸುವುದು ಕಷ್ಟವಿರಲಿಲ್ಲ. ಇಲ್ಲಿ ಕಾಫಿ ಬೆಳೆಯುವವರ ಮನೆಯಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಅಂಗಳದ ಅಳತೆ ಪಾತ್ರೆ ನೋಡಿ, ಇಂಚು ಮತ್ತು ಸೆಂಟ್ಸ್‌ನಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ಸ್‌ಗೆ ಒಂದು ಇಂಚು. ಮದುವೆಯಲ್ಲಿ ಎದುರು ಸಿಕ್ಕಿದರೂ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟಾಯ್ತು’ ಎಂದೇ.

ನಾನು ಎರಡು ಪುಸ್ತಕ ತೆಗೆದುಕೊಂಡೆ. ಒಂದು ಹೆದ್ದಾರಿ ಪಕ್ಕದ ಆನೇಮಹಲ್‌ನದು, ಇನ್ನೊಂದು ಬಿಸಿಲೆ ದಾರಿಯ ಹೊಂಗಡಹಳ್ಳದ್ದು. ಪ್ರತಿಯೊಂದನ್ನೂ ಅದರದರ ಪಂಚಾಯಿತಿಯ ಮಾಪಕದ ಪಕ್ಕದಲ್ಲಿಟ್ಟು, ಕಳೆದ ಮಳೆಗಾಲವನ್ನು ತಾರೀಖಿಗೆ ತಾರೀಖು ಹೋಲಿಸಿದೆ. ಆನೇಮಹಲ್ ಹೊಂದಿಕೊಂಡಿತು. ಹೊಂಗಡಹಳ್ಳದಲ್ಲಿ ಹನ್ನೊಂದು ದಿನ ದೊಡ್ಡ ವ್ಯತ್ಯಾಸ. ಪುಸ್ತಕದಲ್ಲಿ ಭಾರಿ ಮಳೆ ಇದ್ದ ದಿನ ಮಾಪಕದಲ್ಲಿ ಹನಿ, ಮಾಪಕದಲ್ಲಿ ಭಾರಿ ಇದ್ದ ದಿನ ಪುಸ್ತಕದಲ್ಲಿ ಹನಿ. ಕಾಡಂಚಿನ ತೋಟದ ಮಳೆಯನ್ನು ದೂರದ ಮಾಪಕ ಕಾಣುವುದಿಲ್ಲ ಎಂಬುದು ನನ್ನ ತೀರ್ಮಾನ. ಅಂಕಿಯೂ ಊರಿನ ಮಾತೂ ಒಂದೇ ಹೇಳುತ್ತಿದ್ದವು. ಅರ್ಜಿ ಕಳಿಸಿ ಸಮಾಧಾನದಿಂದ ಕೆಲಸಕ್ಕೆ ಮರಳಿದೆ.

ಜನವರಿ ಹದಿನೈದಕ್ಕೆ ಅರ್ಜಿ ಸಲ್ಲಿಕೆ ಮುಗಿಯಿತು. ಇಪ್ಪತ್ತರ ಸಂಜೆ ಅಕಾಲಿಕ ಮಳೆ ಬಂತು. ಕೊಯ್ಲಿನ ಕಾಲ, ಎಲ್ಲರ ಕಣದಲ್ಲೂ ಕಾಫಿ ಒಣಗುತ್ತಿತ್ತು. ಇಪ್ಪತ್ತೊಂದರ ಬೆಳಿಗ್ಗೆ ಆ ಸುದ್ದಿಗಾಗಿ ಹೊಂಗಡಹಳ್ಳಕ್ಕೆ ಹೋದೆ. ನಾನು ಪುಸ್ತಕ ಪಡೆದಿದ್ದ ಎಸ್ಟೇಟ್‌ನ ರೈಟರ್ ಕಣದಲ್ಲಿ ಟಾರ್ಪಾಲಿನ ಮೇಲಿನ ನೀರು ಚೆಲ್ಲಿಸುತ್ತಿದ್ದರು. ತೋಟದ ಹಾಜರಿ, ಗೊಬ್ಬರ, ಮಳೆ ಎಲ್ಲವನ್ನೂ ಬರೆದಿಡುವ ಗುಮಾಸ್ತರನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಇವರು ಅರವತ್ತು ದಾಟಿದವರು.

“ಏನ್ ಪೇಪರಮ್ಮೋರೆ, ಕಾಫಿ ನೆಂದಿದ್ದು ನೋಡಕ್ ಬಂದ್ರೋ, ನಾವು ನೆಂದಿದ್ದು ನೋಡಕ್ ಬಂದ್ರೋ?”

“ಎರಡೂ ಫೋಟೊ ಹಾಕ್ತೀನಿ ರೈಟರಣ್ಣ.”

“ನನ್ ಫೋಟೊ ಬ್ಯಾಡ ಮಾರಾಯ್ತಿ, ಕಾಫಿ ರೇಟು ಬಿದ್ದೋಗ್ಬುಡ್ತದೆ.”

ಎಂಟು ಗಂಟೆಯಾಯಿತು. ಅವರು ಅಳತೆ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಸ್ಟೋರ್ ಒಳಗೆ ಹೋಗಿ ಪುಸ್ತಕ ತೆರೆದರು. ಅರವತ್ತೆರಡು ಸೆಂಟ್ಸ್ ಎಂದು ಬರೆದರು. ಬರೆದ ಸಾಲಿನ ಎದುರು ತಾರೀಖು ಇಪ್ಪತ್ತು ಎಂದಿತ್ತು.

“ಇವತ್ತು ಇಪ್ಪತ್ತೊಂದಲ್ವಾ?” ಎಂದೆ.

“ಹೌದು. ಮಳೆ ಹುಯ್ದಿದ್ದು ನೆನ್ನೆ ಕಣಮ್ಮ. ಇವತ್ತಿನ್ ಮಳೆ ಇನ್ನೂ ಬಂದೇ ಇಲ್ಲ, ಹೆಂಗ್ ಬರೀಲಿ?”

“ಯಾವಾಗ್ಲೂ ಹಿಂಗೇನಾ?”

“ನನ್ ಹಿಂದ್ಲ ರೈಟರ್ ಕಾಲದಿಂದ್ಲೂ ಹಿಂಗೇ. ನೆನ್ನೆ ಮಾಡಿದ್ ಕೆಲ್ಸಾನ ಇವತ್ತಿನ್ ಹಾಜ್ರಿಗೆ ಬರ್ದ್ರೆ ಆಳುಗಳು ಬುಟ್ಟಾರಾ? ಮಳೇಗೂ ಅದೇ ಲೆಕ್ಕ.”

ನಾನು ಸುದ್ದಿಯ ಟಿಪ್ಪಣಿ ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿದೆ. ಹತ್ತೂಮುಕ್ಕಾಲಿಗೆ ಆನೇಮಹಲ್‌ನಲ್ಲಿದ್ದೆ. ಅಲ್ಲಿನ ಪುಸ್ತಕದಲ್ಲಿ ಅದೇ ಮಳೆ ಇಪ್ಪತ್ತೊಂದರ ಸಾಲಿನಲ್ಲಿತ್ತು. ನೋಡಿದ ದಿನಕ್ಕೇ ಬರೆಯುವುದು ಅವರ ರೂಢಿ. ಪಂಚಾಯಿತಿ ಮಾಪಕದ್ದೂ ಹಾಗೆಯೇ, ಬೆಳಿಗ್ಗೆ ಎಂಟೂವರೆಗೆ ಮುಗಿಯುವ ಇಪ್ಪತ್ತನಾಲ್ಕು ಗಂಟೆಯ ಮಳೆ ಆ ದಿನದ ಹೆಸರಿಗೇ ಹೋಗುತ್ತದೆ. ಇದು ಹನ್ನೊಂದು ವರ್ಷದಿಂದ ನನಗೆ ಗೊತ್ತಿತ್ತು. ರೈಟರ್ ಯಾವ ದಿನಕ್ಕೆ ಬರೆಯುತ್ತಾರೆ ಎಂದು ಕೇಳಿರಲಿಲ್ಲ.

ಮಧ್ಯಾಹ್ನ ಹೊಂಗಡಹಳ್ಳದ ಅಂಕಿಗಳನ್ನೆಲ್ಲ ಒಂದು ದಿನ ಮುಂದಕ್ಕೆ ತಳ್ಳಿ ಮತ್ತೆ ಹೋಲಿಸಿದೆ. ಹನ್ನೊಂದರಲ್ಲಿ ಒಂಬತ್ತು ದಿನ ಮಾಪಕಕ್ಕೆ ಹೊಂದಿಕೊಂಡವು. ಎರಡು ಉಳಿದವು. ಹದಿನೈದು ಪುಟದ ತೀರ್ಮಾನ ನಿಂತಿದ್ದದ್ದು ಮಳೆಯ ಮೇಲಲ್ಲ, ಬರೆಯುವ ರೂಢಿಯ ಮೇಲೆ.

ಮುಂದಿನ ಎರಡು ದಿನ ಯಾವ ಕೆಲಸವೂ ಪೂರ್ತಿಯಾಗಲಿಲ್ಲ. ಅದೇ ಸಂಜೆ ಕಳಿಸಿದ ಒಂದು ಸಭೆಯ ವರದಿಯಲ್ಲಿ ಅಧ್ಯಕ್ಷರ ಊರು ತಪ್ಪು ಬರೆದಿದ್ದೆ. ಪೋರ್ಟಲ್ ತೆರೆಯುವುದು, ಕಡತ ಬದಲಿಸುವ ಗುಂಡಿ ಇದೆಯೇ ಎಂದು ಹುಡುಕುವುದು, ಮುಚ್ಚುವುದು. ಗುಂಡಿ ಇರಲಿಲ್ಲ. ಆಲೂರಿನಲ್ಲಿ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾಗಲೂ ತಟ್ಟೆಯ ಪಕ್ಕ ಫೋನ್ ಇತ್ತು.

“ಆ ಫೋನಿಗೂ ಒಂಚೂರು ಉಸ್ರಾಡಕ್ ಬುಡೆ,” ಎಂದಳು ಅಕ್ಕ. ವಿಷಯ ಹೇಳಿದೆ. ಅವಳು ಸಾರು ಬಡಿಸುತ್ತಾ ಕೇಳಿದಳು: “ದಿಲ್ಲಿಯೋರು ಹೊಂಗಡಹಳ್ಳಕ್ ಬಂದು ಪುಸ್ತಕ ತೆಗ್ದು ನೋಡ್ತಾರಾ?”

“ಇಲ್ಲ.”

“ಹಂಗಾದ್ರೆ ಊಟ ಮಾಡು.”

ಇಪ್ಪತ್ತಮೂರರಂದು ಬ್ಯೂರೋ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿದರು.

“ಹೇಳಿದ್ರೆ ಸೀಟು ಹೋಗುತ್ತೆ, ಅದು ಗೊತ್ತಿದೆ ತಾನೇ?”

“ಗೊತ್ತಿದೆ ಸಾರ್.”

“ಮೊನ್ನೆಯ ಆ ಅಧ್ಯಕ್ಷರ ಊರಿಗೆ ಏನ್ ಮಾಡಿದೆ?”

“ತಿದ್ದುಪಡಿ ಕಳಿಸಿದೀನಿ. ಇವತ್ತಿನ ಪೇಪರಲ್ಲಿ ಬಂದಿದೆ.”

“ಅದಕ್ಕೆ ನನ್ನ ಕೇಳಿದ್ಯಾ?” ಎಂದು ಅವರು ಫೋನ್ ಇಟ್ಟರು.

ಇಪ್ಪತ್ತನಾಲ್ಕರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ಇಮೇಲ್ ಕಳಿಸಿದೆ. ತಪ್ಪು ಎಲ್ಲಿ, ಹೇಗೆ ತಿಳಿಯಿತು, ತಿದ್ದಿದ ಮೇಲೆ ಉಳಿಯುವುದೆಷ್ಟು ಎಂದಷ್ಟೇ ಬರೆದು, ಹೊಸ ಕೋಷ್ಟಕ ಸೇರಿಸಿದೆ. ಯಂತ್ರದ ಉತ್ತರ ತಕ್ಷಣ ಬಂತು. ಮನುಷ್ಯರ ಉತ್ತರ ಬಂದದ್ದು ಫೆಬ್ರವರಿ ಒಂಬತ್ತಕ್ಕೆ: ‘ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಲಾಗಿದೆ.’

ಆ ವಾರವೇ ಹೊಂಗಡಹಳ್ಳಕ್ಕೆ ಹೋಗಿ ರೈಟರ್‌ಗೂ ಹೇಳಿದೆ. ಹೇಳದಿದ್ದರೆ ಬೇರೆಯವರಿಂದ ತಿಳಿಯುತ್ತಿತ್ತು. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡಂತೆ ಹಿಡಿದು ನಿಂತರು.

“ನನ್ ಪುಸ್ತಕದಿಂದ ನಿಮ್ಗೆ ಏಟ್ ಬಿತ್ತಾ?”

“ಪುಸ್ತಕದಲ್ಲಿ ತಪ್ಪಿಲ್ಲ. ನಾನು ಕೇಳ್ಲಿಲ್ಲ.”

“ಆನೇಮಹಲ್‌ನೋರು ನೋಡಿದ್ ದಿನಕ್ಕೇ ಬರೀತಾರಾ?” ಎಂದು ಕೇಳಿದರು. “ಹೈವೇ ಪಕ್ಕದೋರು, ಅವ್ರಿಗೆ ಎಲ್ಲಾ ಅರ್ಜೆಂಟು.” ನಂತರ ತಾವಾಗಿಯೇ ಒಂದು ಮಾತು ಸೇರಿಸಿದರು. ಎರಡು ವರ್ಷದ ಹಿಂದೆ ವಿಮೆಗೆ ತಕರಾರು ಹಾಕಿದಾಗ ಇದೇ ಪುಸ್ತಕದ ಪುಟ ಲಗತ್ತಿಸಿದ್ದರಂತೆ. ತಾರೀಖು ತಾಳೆಯಾಗುವುದಿಲ್ಲ ಎಂದು ಅರ್ಜಿ ವಾಪಸ್ ಬಂದಿತ್ತಂತೆ. ಪತ್ರ ತೋರಿಸಲು ಕೇಳಿದೆ. ಇರಬೇಕಿದ್ದ ಪೆಟ್ಟಿಗೆಯಲ್ಲಿ ಸಿಗಲಿಲ್ಲ.

ಮಾರ್ಚ್ ಆರಕ್ಕೆ ಸಂದರ್ಶನದ ಕರೆ ಬಂತು. ಹನ್ನೊಂದರಂದು ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಎದುರು ಕೂತೆ. ನೆಟ್‌ವರ್ಕ್ ಅಲ್ಲಿ ನಿಲ್ಲುತ್ತದೆ. ಅಕ್ಕ ಮಿಕ್ಸಿ ಹಾಕದೆ ಚಟ್ನಿಯನ್ನು ಒರಳಲ್ಲಿ ರುಬ್ಬಲು ಹೊರಗೆ ಒಯ್ದಳು. ಪರದೆಯ ಮೇಲೆ ಮೂವರಿದ್ದರು. ಮಾತು ಇಂಗ್ಲಿಷಿನಲ್ಲಿ. ಹಿರಿಯ ಪ್ರಾಧ್ಯಾಪಕಿಯೊಬ್ಬರು ನೇರ ತಿದ್ದುಪಡಿಗೇ ಬಂದರು.

“ನೀವು ಹೇಳದಿದ್ದರೆ ಇದು ನಮಗೆ ತಿಳಿಯುತ್ತಿತ್ತೇ?”

ಇಲ್ಲ ಎಂದೆ.

“ಹಾಗಾದರೆ ಈಗ ಈ ಬರಹದಲ್ಲಿ ನಾವು ಏನನ್ನು ನೋಡಬೇಕು?”

ತೀರ್ಮಾನವನ್ನು ನೋಡಬೇಡಿ ಎಂದೆ. ಬೆಳೆಗಾರರು ತಕರಾರಿನ ಜೊತೆ ಮಳೆ ಪುಸ್ತಕ ಕೊಡುತ್ತಾರೆ, ಅದನ್ನು ತಾರೀಖಿಗೆ ತಾರೀಖು ಹೋಲಿಸುವವರು ನಾನು ಮಾಡಿದ ತಪ್ಪನ್ನೇ ಮಾಡುತ್ತಿರಬಹುದು, ಎಷ್ಟು ತಕರಾರುಗಳು ಹೀಗೆ ಬಿದ್ದಿವೆ ಎಂದು ನೋಡಬೇಕಿದೆ ಎಂದೆ.

“ನಿಮ್ಮ ಬಳಿ ಅಂಥ ಎಷ್ಟು ಪ್ರಕರಣಗಳಿವೆ?”

“ಒಂದು. ಅದರ ಪತ್ರವೂ ಸಿಕ್ಕಿಲ್ಲ.”

“ಅಂದರೆ ಇದು ಪ್ರಶ್ನೆ, ಫಲಿತಾಂಶವಲ್ಲ.”

ಹೌದು ಎಂದೆ. ಅವರು ಬರೆದುಕೊಂಡರು. ಅರ್ಧ ಗಂಟೆಯೆಂದು ತಿಳಿಸಿದ್ದ ಸಂದರ್ಶನ ಹದಿನೆಂಟು ನಿಮಿಷಕ್ಕೆ ಮುಗಿಯಿತು. ಅಕ್ಕ ಒಳಗೆ ಬಂದು, “ಆಗೋಯ್ತಾ? ನನ್ ಚಟ್ನಿನೇ ಇನ್ನೂ ಆಗಿಲ್ಲ,” ಎಂದಳು.

ಆಮೇಲೆ ಮೂರು ವಾರ ದಿನಕ್ಕೆ ಎಷ್ಟು ಸಲ ಪೋರ್ಟಲ್ ತೆರೆದೆನೋ ಲೆಕ್ಕ ಇಟ್ಟಿಲ್ಲ. ಘಾಟಿಯಲ್ಲಿ ಲಾರಿ ಮಗುಚಿದ ಸುದ್ದಿಗೆ ಹೋದಾಗಲೂ, ಪೊಲೀಸರು ಬರುವ ಮೊದಲು, ರಸ್ತೆ ಬದಿ ನಿಂತು ತೆರೆದಿದ್ದೇನೆ. ರೈಟರ್ ಒಮ್ಮೆ ಫೋನ್ ಮಾಡಿದರು. ಪತ್ರ ಸಿಕ್ಕಿತ್ತು, ಗೊಬ್ಬರದ ಬಿಲ್ಲುಗಳ ನಡುವೆ. ಫೋಟೊ ಕಳಿಸಿದರು. ಅದರಲ್ಲಿ ಅವರು ಹೇಳಿದ ಕಾರಣವೇ ಇತ್ತು. ಅದನ್ನು ಪ್ರವೇಶ ವಿಭಾಗಕ್ಕೆ ಕಳಿಸಲಿಲ್ಲ. ಸಂದರ್ಶನದ ನಂತರ ದಾಖಲೆ ಸ್ವೀಕರಿಸುವುದಿಲ್ಲ ಎಂದು ನಿಯಮದಲ್ಲಿದೆ.

ಏಪ್ರಿಲ್ ಎರಡರಂದು ಫಲಿತಾಂಶ ಪ್ರಕಟವಾಯಿತು. ನನ್ನ ಹೆಸರು ಕಾಯುವ ಪಟ್ಟಿಯಲ್ಲಿತ್ತು, ಮೂರನೇ ಸ್ಥಾನ. ಆಯ್ಕೆಯಾದವರು ಸೀಟು ಒಪ್ಪಿಕೊಳ್ಳಲು ಏಪ್ರಿಲ್ ಮೂವತ್ತು ಕೊನೆಯ ದಿನ. ಅವರಲ್ಲಿ ಒಬ್ಬರು ಬಿಟ್ಟರೆ ಕಾಯುವ ಪಟ್ಟಿ ಒಂದು ಸ್ಥಾನ ಮೇಲೇರುತ್ತದೆ.

ಇಂದು ಏಪ್ರಿಲ್ ಹದಿನೇಳು. ಬೆಳಿಗ್ಗೆ ಒಂಬತ್ತಕ್ಕೆ ನೋಡಿದಾಗ ನನ್ನ ಸ್ಥಾನ ಒಂದು.