ನಗುಮುಖದ ಮೇಲಿನ ಕ್ಲಿಪ್ಪು

ಮಕ್ಕಳಿಗೆ ಭಾವನೆಗಳನ್ನು ಹೇಗೆ ಕಲಿಸಬೇಕೆಂದು ನನಗೆ ಕಲಿಸಿದ್ದು ಮಣಿಪಾಲದ ಒಂದು ಸಭಾಂಗಣದಲ್ಲಿ. ಅಲ್ಲಿಯ ಎಸಿಗೆ ನಾವು ಟೀಚರುಗಳೆಲ್ಲ ಸೆರಗು ಹೊದ್ದು ಕುಳಿತಿದ್ದೆವು. ತರಬೇತಿ ಕೊಡಲು ಬಂದವಳಿಗೆ ನನ್ನ ಮಗಳ ವಯಸ್ಸು, ಮಾತಿಗೊಮ್ಮೆ ನಗುತ್ತಿದ್ದಳು. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ, ಹೇಳಿದ ಮಗುವಿಗೆ ಚಪ್ಪಾಳೆ ತಟ್ಟಿಸಿ ಎಂದಳು. ನನಗೆ ಅದು ಹೊಸ ವಿದ್ಯೆ ಅನ್ನಿಸಲಿಲ್ಲ. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಪ್ರಾರ್ಥನೆಗೆ ಮೊಣಕಾಲೂರಿದರೆ ಹೆದರಿಕೆಗಳನ್ನೆಲ್ಲ ದೇವರ ಮುಂದೆ ಹೇಳಿಯೇ ಏಳುವುದು. ಗಲ್ಫಿನಲ್ಲಿರುವ ಅಣ್ಣನ ಕೆಲಸ, ಅಮ್ಮನ ಶುಗರು, ಗಬ್ಬದ ದನ, ಯಾವುದನ್ನೂ ಬಿಡುವಂತಿಲ್ಲ.

ನನ್ನ ಶಾಲೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ಮನೆ ಕುಕ್ಕುಂದೂರಿನಲ್ಲಿ. ಕಾರ್ಕಳಕ್ಕೊಂದು ಬಸ್ಸು, ಅಲ್ಲಿಂದ ಪಡುಬಿದ್ರಿಗೊಂದು, ಮತ್ತೆ ಕಾಪುವಿಗೊಂದು. ನಿವೃತ್ತಿ ಹತ್ತಿರ ಬಂದಿದೆ, ಸೊಂಟ ನನಗಿಂತ ಮೊದಲೇ ನಿವೃತ್ತಿಯಾಗಿದೆ. ಪಾಠ, ಬಿಸಿಯೂಟ, ಗಣತಿ ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಭಾವನೆಗಳನ್ನೂ ಕಲಿಸಬೇಕು, ಶನಿವಾರ ಅದರ ಫೋಟೊ ಕಳಿಸಬೇಕು. ಫೋಟೊದಲ್ಲಿ ಮಕ್ಕಳು ನಗುತ್ತಿರಬೇಕು.

ಆದರೂ ಮಾಡಿದೆ. ರಟ್ಟಿನ ಮೇಲೆ ನಾಲ್ಕು ಮುಖ ಬರೆದೆ: ನಗು, ಅಳು, ಸಿಟ್ಟು, ಹೆದರಿಕೆ. ಮಕ್ಕಳು ಮನೆಯಿಂದ ತಂದ ಬಲೆಯ ಹಗ್ಗವನ್ನು ಕಿಟಕಿಯಿಂದ ಬಾಗಿಲಿನ ಮೊಳೆಯವರೆಗೆ ಬಿಗಿದು, ನಡುವೆ ರಟ್ಟನ್ನು ತೂಗುಹಾಕಿದೆವು. ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದು ಬಟ್ಟೆ ಕ್ಲಿಪ್ಪು. ಬೆಳಿಗ್ಗೆ ಬಂದವರು ತಮ್ಮ ಮನಸ್ಸು ಹೇಗಿದೆಯೋ ಆ ಮುಖಕ್ಕೆ ಕ್ಲಿಪ್ಪು ಸಿಕ್ಕಿಸಬೇಕು. ನನಗೂ ಒಂದಿತ್ತು. ಟೀಚರ ಕ್ಲಿಪ್ಪು ಯಾವಾಗಲೂ ನಗುಮುಖದ ಮೇಲಿದ್ದರೆ ಮಕ್ಕಳಿಗೆ ಧೈರ್ಯ ಎಂದು ಮಣಿಪಾಲದಲ್ಲಿ ಹೇಳಿದ್ದರು. ಹಾಗಾಗಿ ಸೊಂಟ ಹಿಡಿದುಕೊಂಡೇ ದಿನಾ ನಗುಮುಖಕ್ಕೆ ಸಿಕ್ಕಿಸುತ್ತಿದ್ದೆ.

ನಾಲ್ಕನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಬರೆಯುತ್ತಿದ್ದಳು, ಕೇಳಿದರೆ ತಲೆಯಾಡಿಸುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ತಾಯಿ ಇಲ್ಲ. ತಂದೆ ಮಲ್ಪೆಯ ಬೋಟಿನಲ್ಲಿ ಕೆಲಸಕ್ಕೆ ಹೋದರೆ ವಾರ, ಹತ್ತು ದಿನ ಸಮುದ್ರದಲ್ಲೇ. ಸಾಕಿದ್ದು ಅಜ್ಜಿ, ಮೀನು ಮಾರುವವರು. ಈ ಹುಡುಗಿಯನ್ನು ಒಂದು ದಿನ ಮಾತಾಡಿಸಬೇಕೆಂಬ ಆಸೆ ನನಗಿತ್ತು. ಈ ಸುಸ್ತಿನಲ್ಲಿ ಉಳಿದಿದ್ದ ಆಸೆ ಅದೊಂದೇ.

ಮಳೆಗಾಲದ ರಜೆ ಮುಗಿಸಿ ಬೋಟುಗಳು ಮತ್ತೆ ಕಡಲಿಗಿಳಿದಿದ್ದವು. ಆ ವಾರದ ಚಟುವಟಿಕೆ ಚೆಂಡಿನಾಟ. ಚೆಂಡು ಬಂದವರು ತಮ್ಮ ಒಂದು ಹೆದರಿಕೆಯನ್ನು ಹೇಳಬೇಕು. ನಾಯಿ, ಭೂತ, ಗಣಿತ, ಹೆಡ್ಮಾಸ್ಟ್ರು ಎಂದೆಲ್ಲ ಬಂತು, ನಗು ಬಂತು. ಚೆಂಡು ಆ ಹುಡುಗಿಯ ಮಡಿಲಿಗೆ ಬಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು, ಪುಸ್ತಕ ಓದುವ ಹಾಗೆ ಸ್ಪಷ್ಟವಾಗಿ ಹೇಳಿದಳು: "ಅಪ್ಪನ ಬೋಟು ವಾಪಸು ಬರುವುದಿಲ್ಲ ಅಂತ ನನಗೆ ಹೆದರಿಕೆ."

ನನಗೆ ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಜೋರಾಗಿ ಚಪ್ಪಾಳೆ ತಟ್ಟಿದೆ. ತಟ್ಟಿದ್ದು ನಾನೊಬ್ಬಳೇ. ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದರು. ಪಕ್ಕದ ಹುಡುಗಿ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಸ್ವಲ್ಪ ದೂರ ಸರಿದು ಕೂತಳು. ನನಗೆ ಆಗಲೂ ಅರ್ಥವಾಗಲಿಲ್ಲ.

ಮರುದಿನ ಗಾಳಿ ಎದ್ದಿತು. ಬೋಟಿನ ಸುದ್ದಿ ಇಲ್ಲ. ಹುಡುಗಿ ಶಾಲೆಗೆ ಬರಲಿಲ್ಲ, ಅಜ್ಜಿ ಬಂದರು. ಮೀನಿನ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಅಂಗಳದಲ್ಲೇ ನಿಂತರು.

"ಎಂತ ಟೀಚರೇ, ಮಗುವಿನ ಬಾಯಲ್ಲಿ ಅಂಥ ಮಾತು ಹೇಳಿಸುವುದಾ? ಕಡಲಿಗೆ ಹೊರಟವನನ್ನು ಎಲ್ಲಿಗೆ ಅಂತ ಸಹ ನಾವು ಕೇಳುವುದಿಲ್ಲ. ಯಾವಾಗ ಬರ್ತಿ ಅಂತ ಕೇಳುವುದಿಲ್ಲ. ನೀವು ಚಪ್ಪಾಳೆ ತಟ್ಟಿದಿರಂತೆ!"

ನಾನು ಏನೋ ಹೇಳಲು ಹೋದೆ. ಅವರು ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟರು. ಅವಳನ್ನು ಇನ್ನು ಈ ಶಾಲೆಗೆ ಕಳಿಸುವುದಿಲ್ಲ ಎಂದದ್ದು ಗೇಟಿನಾಚೆಯಿಂದ ಕೇಳಿಸಿತು. ಆ ಸಂಜೆ ಪ್ರಾರ್ಥನೆಗೆ ಕುಳಿತಾಗ ಆ ಬೋಟಿನ ಹೆಸರು ಹೇಳಿದೆ. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂದು ಹೆದರಿಕೆಯಾಯಿತು. ನನ್ನ ಜನ್ಮದಲ್ಲಿ ದೇವರ ಮುಂದೆ ಹಾಗೆ ಅನ್ನಿಸಿದ್ದು ಅದೇ ಮೊದಲು.

ಬೋಟು ಗಾಳಿಗೆ ಸಿಕ್ಕದೆ ಕಾರವಾರದ ಬಂದರು ಸೇರಿತ್ತು, ಫೋನು ಬಂದದ್ದು ಎರಡು ದಿನ ಕಳೆದ ಮೇಲೆ. ಹುಡುಗಿ ಮಾತ್ರ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೇ ಹೋದೆ, ಕಾರ್ಕಳದ ಬಸ್ಸು ತಪ್ಪುತ್ತದೆಂದು ಗೊತ್ತಿದ್ದೂ. ಅಜ್ಜಿ ಜಗಲಿಯಲ್ಲಿ ಒಣಮೀನು ಹೆಕ್ಕುತ್ತಿದ್ದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು.

"ಅಕ್ಕಾ, ನಮ್ಮ ಮನೆಯಲ್ಲಿ ಹೇಳಿದರೆ ಹಗುರ ಆಗ್ತದೆ. ಇಲ್ಲಿ ಹಾಗಲ್ಲ ಅಂತ ನನಗೆ ಗೊತ್ತಿರಲಿಲ್ಲ," ಎಂದೆ.

"ನಿಮ್ಮಲ್ಲಿ ಹೇಳಿದರೆ ದೇವರು ಕೇಳ್ತಾರೆ. ನಮ್ಮಲ್ಲಿ ಹೇಳಿದರೆ ಕಡಲಿಗೆ ಕೇಳ್ತದೆ."

"ಆದರೆ ಅವಳೊಳಗೆ ಉಂಟಲ್ಲ ಅಕ್ಕ, ಆ ಹೆದರಿಕೆ?"

"ನನ್ನೊಳಗೆ ಇಲ್ವಾ ಮತ್ತೆ?" ಎಂದು ಅವರು ತಲೆಯೆತ್ತಿದರು. ಕಣ್ಣು ಕೆಂಪಗಿತ್ತು. ನಿದ್ದೆಯಿಲ್ಲದ ಮುಖ, ನನ್ನದೇ ಪ್ರಾಯ. ಇಬ್ಬರಿಗೂ ಸಾಕಾಗಿತ್ತು. ಅವರು ಒಣಮೀನನ್ನು ಬದಿಗೆ ಸರಿಸಿ, "ಕೂತ್ಕೊಳ್ಳಿ, ಚಾ ಮಾಡ್ತೇನೆ," ಎಂದರು. ಚಾ ಕುಡಿದು ಏಳುವಾಗ ಒಂದೇ ಮಾತು: "ಕಳಿಸ್ತೇನೆ. ಬಾಯಿ ಬಿಡಿಸ್ಬೇಡಿ."

ಸೋಮವಾರ ಹುಡುಗಿ ಬಂದಳು. ಹಿಂದೆ ತಲೆಯಾದರೂ ಆಡಿಸುತ್ತಿದ್ದಳು, ಈಗ ಅದೂ ಇಲ್ಲ. ತನ್ನ ಮಾತಿನಿಂದಲೇ ಗಾಳಿ ಎದ್ದಿತೆಂದು ಅವಳು ನಂಬಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅಲ್ಲ ಎಂದು ನಾನು ಹೇಳಿದರೆ ಅದೂ ಆ ವಿಷಯವನ್ನು ಎತ್ತಿದಂತೆಯೇ. ಕ್ಲಿಪ್ಪು ಕೈಯಲ್ಲಿ ಹಿಡಿದು ಅವಳು ರಟ್ಟಿನ ಮುಂದೆ ನಿಂತೇ ಇದ್ದಳು. ತರಗತಿಗೆಲ್ಲ ಕೇಳುವಂತೆ, "ಯಾರಿಗೆ ಹೇಳಲು ಮನಸ್ಸಿಲ್ಲವೋ ಅವರು ಹಗ್ಗಕ್ಕೆ ಸಿಕ್ಕಿಸಿ. ಅಲ್ಲಿ ಮುಖ ಇಲ್ಲ. ಯಾರೂ ಏನೂ ಕೇಳುವುದಿಲ್ಲ," ಎಂದೆ. ಅವಳು ಕಿಟಕಿಯ ಕಡೆಗೆ, ಬರೀ ಹಗ್ಗಕ್ಕೆ ಸಿಕ್ಕಿಸಿದಳು. ಮರುದಿನವೂ ಅಲ್ಲೇ. ಬರಬರುತ್ತಾ ಇನ್ನೂ ಕೆಲವು ಕ್ಲಿಪ್ಪುಗಳು ಅಲ್ಲಿಗೆ ಬಂದವು. ಫೋಟೊ ತೆಗೆಯುವಾಗ ಹಗ್ಗ ಕಾಣದಂತೆ ತೆಗೆಯುತ್ತಿದ್ದೆ. ಮೇಲಿನವರಿಗೆ ವಿವರಿಸುವ ತ್ರಾಣ ನನಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಪಡುಬಿದ್ರಿಯ ಬಸ್ಸು ನಡುದಾರಿಯಲ್ಲಿ ಕೆಟ್ಟು, ಬಿಸಿಲಿನಲ್ಲಿ ನಿಂತು, ತಡವಾಗಿ ಶಾಲೆಗೆ ಬಂದೆ. ಅಮ್ಮನನ್ನು ಹಿಂದಿನ ದಿನವೇ ಉಡುಪಿಯ ಆಸ್ಪತ್ರೆಗೆ ಸೇರಿಸಿದ್ದೆವು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅಮ್ಮ ಕೈತಪ್ಪಿ ಹೋಗುತ್ತಾರೆ ಅನ್ನಿಸಿತ್ತು, ಪ್ರಾರ್ಥನೆಯಲ್ಲೂ ಹೇಳಲು ಬಾಯಿ ಬರಲಿಲ್ಲ. ಚೀಲ ಕೆಳಗಿಟ್ಟು ಅಭ್ಯಾಸಬಲದಿಂದ ನನ್ನ ಕ್ಲಿಪ್ಪನ್ನು ನಗುಮುಖಕ್ಕೆ ಸಿಕ್ಕಿಸಿ, ಮಕ್ಕಳ ಕಡೆ ತಿರುಗಿ ನಕ್ಕೆ.

ಹುಡುಗಿ ಎದ್ದು ಬಂದಳು. ಬೆರಳ ತುದಿಯಲ್ಲಿ ನಿಂತು ನನ್ನ ಕ್ಲಿಪ್ಪನ್ನು ಬಿಡಿಸಿ, ಕಿಟಕಿಯ ಕಡೆಗೆ ಒಯ್ದು, ಹಗ್ಗದ ಮೇಲೆ ತನ್ನದರ ಪಕ್ಕದಲ್ಲಿ ಸಿಕ್ಕಿಸಿದಳು.

"ಟೀಚರ್, ನಿಮ್ಮದು ಇಲ್ಲಿ ಇರ್ಲಿ," ಎಂದಳು. "ಇಲ್ಲಿ ಎಂತ ಸಹ ಹೇಳ್ಲಿಕ್ಕೆ ಇಲ್ಲ."

ಚೆಂಡಿನಾಟದ ದಿನದ ನಂತರ ಅವಳು ಆಡಿದ ಮೊದಲ ಮಾತು ಅದು. ನಾನು ಚಪ್ಪಾಳೆ ತಟ್ಟಲಿಲ್ಲ. ಕುರ್ಚಿಯಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡೆ, ಆಮೇಲೆ ಹಾಜರಿ ಕರೆದೆ.