ಹೋಗುತ್ತೇನೆ ಎಂದ ಪಾದ್ರಿಗಳು

೧೯೩೯ರಲ್ಲಿ ನಾನು ಮಂಗಳೂರಿನ ಒಂದು ಮಿಷನ್ನಿನ ಸಣ್ಣ ರೇಡಿಯೊ ಕೇಂದ್ರದಲ್ಲಿ ಆಪರೇಟರ್ ಆಗಿದ್ದೆ. ನಮ್ಮದು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್, ಅಂದರೆ ಮಾತನ್ನು ಅಲೆಯಾಗಿಸಿ ಗಾಳಿಗೆ ಬಿಡುವ ಯಂತ್ರ. ಅದರ ದನಿ ಊರಂಚಿನ ದೇರೆಬೈಲ್, ಹೊಳೆಯಾಚೆಯ ಬೆಂಗ್ರೆ ಮುಟ್ಟಿದರೆ ಅದೇ ಹೆಚ್ಚು. ದಿನಕ್ಕೆ ಅರ್ಧ ಗಂಟೆ ಬೈಬಲ್ ಪಾಠ, ಮಕ್ಕಳ ಆರೈಕೆಯ ಬಗ್ಗೆ ನಾಲ್ಕು ಮಾತು. ಮಾತಾಡುತ್ತಿದ್ದವರು ಜರ್ಮನಿಯಲ್ಲಿ ಹುಟ್ಟಿದ, ವಯಸ್ಸಾದ ಒಬ್ಬರು ಪಾದ್ರಿಗಳು. ಕನ್ನಡವನ್ನು ಪುಸ್ತಕದಿಂದ ಕಲಿತವರು. ವ್ಯಾಕರಣ ತಪ್ಪಿದರೆ ನನ್ನನ್ನೇ ತಿದ್ದುತ್ತಿದ್ದರು!

ಮೊದಲ ದಿನ ಅವರು "ನಾನಿನ್ನು ಹೋಗುತ್ತೇನೆ" ಎಂದು ಮಾತು ಮುಗಿಸಿದರು. ಮರುದಿನ ಬೆಳಿಗ್ಗೆಯೇ ಬೆಂಗ್ರೆಯ ಅಪ್ಪಿಯಕ್ಕ ಹೊಳೆ ದಾಟಿ, ಮೀನಿನ ಬುಟ್ಟಿ ಸಮೇತ ನಮ್ಮ ಬಾಗಿಲಿಗೆ ಬಂದರು. ದೋಣಿ ಕಡವಿನ ಅಂಗಡಿಯ ರೇಡಿಯೊದಲ್ಲಿ ಕೇಳಿದ್ದರಂತೆ.

"ಎಂತ ಪಾದ್ರಿಗಳೇ, ಹೋಗ್ತೇನೆ ಅಂತ ಹೇಳುವುದುಂಟಾ? ಹೊರಡುವಾಗ ಬರ್ತೇನೆ ಅಂತ ಹೇಳ್ಬೇಕು. ಹೋಗ್ತೇನೆ ಅಂದ್ರೆ ಮತ್ತೆ ಬರ್ಲಿಕ್ಕಿಲ್ಲ ಅಂತ. ನನ್ನ ಗಂಡ ಎಂತದೂ ಹೇಳದೆ ಕಡಲಿಗೆ ಹೋದ್ರು. ಇವತ್ತಿಗೂ ಬಾಗಿಲು ಹಾಕ್ಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ ಮಾರಾಯ್ರೆ."

ಪಾದ್ರಿಗಳು ಕೈಮುಗಿದರು. ಅಂದಿನಿಂದ ಪ್ರತಿದಿನವೂ ಅವರ ಕೊನೆಯ ಮಾತು "ಬರುತ್ತೇನೆ" ಎಂದೇ ಇರುತ್ತಿತ್ತು.

ಸೆಪ್ಟೆಂಬರಿನಲ್ಲಿ ಬ್ರಿಟಿಷರಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ಒಂದು ಮಧ್ಯಾಹ್ನ ಮದರಾಸಿನ ಕಡೆಯ ಇನ್‌ಸ್ಪೆಕ್ಟರ್ ಆದೇಶ ಹಿಡಿದು ಬಂದರು. ಟ್ರಾನ್ಸ್‌ಮಿಟರ್ ಸರ್ಕಾರಕ್ಕೆ ಒಪ್ಪಿಸಬೇಕು. ಪಾದ್ರಿಗಳನ್ನು ಮರುದಿನ ಸೆರೆ ಶಿಬಿರಕ್ಕೆ ಒಯ್ಯುತ್ತಾರೆ. ಕೇಂದ್ರ ಏಕಾಏಕಿ ಮೌನವಾದರೆ ಊರಲ್ಲಿ ಗುಲ್ಲೇಳುತ್ತದೆಂದು, ಅಂದಿನ ಪಾಠವನ್ನು ಬರೆದಿದ್ದಂತೆಯೇ ಓದಲು ಅಪ್ಪಣೆಯಾಯಿತು. ಹೊರಡುವ ಸುದ್ದಿ ಎತ್ತಿದರೆ ಪಾದ್ರಿಗಳ ಜೊತೆ ನನಗೂ ಸೆರೆ. ಇನ್‌ಸ್ಪೆಕ್ಟರಿಗೆ ಕನ್ನಡ ಬಾರದು. ಹಾಗಾಗಿ ಓದುವುದನ್ನು ತಾಳೆ ನೋಡಲು ಈ ಊರಿನವನೇ ಆದ ಕುದ್ರೋಳಿಯ ಕಾನ್‌ಸ್ಟೇಬಲ್ ಒಬ್ಬ ಪಾಠದ ಪ್ರತಿ ಹಿಡಿದು ನಿಂತ.

ಪಾದ್ರಿಗಳು ನನ್ನತ್ತ ಬಾಗಿ ಮೆಲ್ಲಗೆ ಹೇಳಿದರು: "ಕೊನೆಯ ಸಾಲು ಬರುತ್ತೇನೆ ಎಂದಿದೆ. ಓದಿದರೆ ಅಪ್ಪಿಯಕ್ಕ ಕಾಯುತ್ತಾರೆ."

ಸುಳ್ಳೇಕೆ, ನನ್ನ ಹೆಂಡತಿ ಮಕ್ಕಳ ನೆನಪಾಗಿ ಭಯವೇ ಹೆಚ್ಚಾಗಿತ್ತು.

ಅವರು ಪಾಠವನ್ನು ಒಂದಕ್ಷರ ತಪ್ಪದೆ ಓದಿದರು. ಕೊನೆಗೆ ಕನ್ನಡಕ ತೆಗೆದಿಟ್ಟು, "ನಾನಿನ್ನು ಹೋಗುತ್ತೇನೆ" ಎಂದರು. ನಾನು ಸ್ವಿಚ್ ಆರಿಸಿದೆ.

"ಕಾಗದದಲ್ಲಿ ಇದ್ದಂತೆಯೇ ಹೇಳಿದರೋ?" ಎಂದು ಇನ್‌ಸ್ಪೆಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು.

ಕಾನ್‌ಸ್ಟೇಬಲ್ ಕಾಗದ ನೋಡಿದ, ಪಾದ್ರಿಗಳ ಮುಖ ನೋಡಿದ. "ಹೌದು ಸರ್. ಹೊರಡುವಾಗ ಹೇಳುವ ಮಾತೇ" ಎಂದು ಕಾಗದ ಮಡಚಿದ.

ಮರುದಿನ ಪೊಲೀಸ್ ವ್ಯಾನ್ ಹೊರಟಾಗ ಗೇಟಿನ ಬಳಿ ಅಪ್ಪಿಯಕ್ಕ ನಿಂತಿದ್ದರು, ತಲೆಯ ಮೇಲೆ ಬುಟ್ಟಿಯಿರಲಿಲ್ಲ. ವ್ಯಾನ್ ಮರೆಯಾಗುವ ತನಕ ನೋಡಿ, "ಹೇಳಿಯೇ ಹೋದ್ರಲ್ಲ ಮಾರಾಯ್ರೆ. ಇನ್ನು ಕಾಯ್ಲಿಕ್ಕೆ ಇಲ್ಲ" ಎಂದರು. ಅವರು ಅಳಲಿಲ್ಲ. ಅತ್ತದ್ದು ನಾನು.

ದನಿ ಸ್ಪಷ್ಟವಾಗಿ ಕೇಳಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದವನಿಗೆ, ಆಚೆ ಬದಿಯಲ್ಲಿ ಕಾಯುವವರಿದ್ದಾರೆ ಎಂದು ತಿಳಿದದ್ದು ಆಗ. ಮುಂದೆ ದೊಡ್ಡ ಕೇಂದ್ರಗಳಲ್ಲಿ ದುಡಿದೆ. ಯಾವ ಕಾರ್ಯಕ್ರಮವನ್ನೂ ಕೇಳುಗರಿಗೆ ಹೇಳದೆ ನಿಲ್ಲಿಸಲು ಬಿಡಲಿಲ್ಲ. ನಿವೃತ್ತನಾದ ದಿನ ನನ್ನನ್ನೂ ಮೈಕಿನ ಮುಂದೆ ಕೂರಿಸಿದರು. ಬರುತ್ತೇನೆ ಎನ್ನದೆ, "ನಾನಿನ್ನು ಹೋಗುತ್ತೇನೆ" ಎಂದೆ.